ಮರಿಮಲ್ಲಪ್ಪನ ಮೀಸಲು ಹುಂಜ

ಮರಿಮಲ್ಲಪ್ಪನ ಮನೆಯ ಹಿತ್ತಲಲ್ಲಿ ಒಂದು ಹುಂಜ ಇದೆಯೆಂಬುದು ಬೀದಿಯವರಿಗೆಲ್ಲ ಗೊತ್ತಿದ್ದ, ಆದರೆ ಯಾರೂ ಬಾಯಿಬಿಟ್ಟು ಆಡದ ಗುಟ್ಟಾಗಿತ್ತು. ಗುಂಡ್ಲುಪೇಟೆಯ ಆ ಬೀದಿಯಲ್ಲಿ ಇದ್ದವರು ಹೆಚ್ಚುಕಡಿಮೆ ಎಲ್ಲರೂ ಲಿಂಗ ಕಟ್ಟಿದವರು. ಮೊಟ್ಟೆಯ ಹೆಸರು ಕಿವಿಗೆ ಬಿದ್ದರೂ ಎದ್ದುಹೋಗಿ ಬಾಯಿ ಮುಕ್ಕಳಿಸುವಂಥವರು. ಅಂಥ ಬೀದಿಯ ನಟ್ಟನಡುವೆ, ಈರುಳ್ಳಿ ಮಂಡಿಯ ಯಜಮಾನನೆಂದು ನಾಲ್ಕು ಜನರಲ್ಲಿ ಹೆಸರು ಮಾಡಿದ್ದ ಮರಿಮಲ್ಲಪ್ಪನ ಕೊಟ್ಟಿಗೆಯ ಸೂರಿನ ಮೇಲೆ ನಿಂತು, ಕೆಂಪು ಜುಟ್ಟಿನ ಹುಂಜವೊಂದು ದಿನಾ ಬೆಳಗಿನ ಜಾವ ಊರು ಕಿತ್ತುಹೋಗುವಂತೆ ಕೂಗುತ್ತಿತ್ತು.

ಪಾಪ, ಮರಿಮಲ್ಲಪ್ಪನದೇನೂ ತಪ್ಪಿಲ್ಲ. ಇದೆಲ್ಲ ಅವನ ಹೆಂಡತಿ ಶಿವರುದ್ರಮ್ಮನ ಕೆಲಸ. ಮಗಳು ಪುಟ್ಟಮಲ್ಲಮ್ಮನಿಗೆ ಬಂದಬಂದ ಸಂಬಂಧಗಳೆಲ್ಲ ಮುರಿದು ಬೀಳುತ್ತಿದ್ದವು. ಒಬ್ಬರು ಹುಡುಗಿ ಉದ್ದವಾದಳು ಎಂದರು. ಇನ್ನೊಬ್ಬರು ಏನೂ ಅನ್ನಲಿಲ್ಲ. ಅನ್ನಲು ಮರಿಮಲ್ಲಪ್ಪ ಬಿಟ್ಟರೆ ತಾನೆ? ಮಂಡಿಯ ಕಷ್ಟಸುಖವನ್ನೆಲ್ಲ ಅವರ ಮುಂದೆ ಹರಡಿಕೊಂಡು ಕೂತ, ಅವರ ಕಡೇ ಬಸ್ಸು ಹೊರಟುಹೋಯಿತು, ಸಿಟ್ಟಿನಲ್ಲಿ ಎದ್ದು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಗ ಶಿವರುದ್ರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಾಗ ಕೊಟ್ಟಿಗೆ ಗುಡಿಸಲು ಬರುತ್ತಿದ್ದ ಮೂಗಮ್ಮ ಒಂದು ದಾರಿ ತೋರಿಸಿದಳು.

"ಮಾರವ್ವಂಗೆ ಒಂದು ಹುಂಜ ಮೀಸಲು ಬುಡು ಕಣವ್ವ. ಮಗೀಗೆ ಗಂಡು ತಾನಾಗೇ ಬಾಗ್ಲಿಗೆ ಬತ್ತದೆ."

"ಅಯ್ಯೋ ಶಿವನೇ! ನಾವು ಹುಂಜ ಕೊಡೋದಾ?"

"ನಿಂಗೆ ಕುಯ್ಯಿ ಅಂದೋರ್ಯಾರು? ಮನೇಲಿ ಸಾಕು. ಮಾರಿಹಬ್ಬದ ದಿಸ ಗುಡಿ ಮುಂದುಕ್ಕೆ ತಕ್ಕೋಗಿ ಬುಟ್ಟುಬುಡು. ಆಮೇಕೆ ಅವ್ವ ಅವ್ಳೆ, ಹುಂಜ ಅದೆ. ನಿಂಗೇನು?"

ಆಮೇಲೆ ಹುಂಜದ ಗತಿ ಏನಾಗುತ್ತದೆಂದು ಶಿವರುದ್ರಮ್ಮ ಕೇಳಲಿಲ್ಲ, ಮೂಗಮ್ಮನೂ ಹೇಳಲಿಲ್ಲ. ಮಾರನೆಯ ದಿನ ಮೂಗಮ್ಮನ ಮಡಿಲಲ್ಲಿ ಒಂದು ಮರಿ ಬಂತು, ಗಂಡನಿಗೆ ತಿಳಿಯದಂತೆ ಕೊಟ್ಟಿಗೆ ಸೇರಿತು. ಅದು ಬೆಳೆದು ಹುಂಜವಾಗಿ ಮೊದಲ ಸಲ ಕೂಗಿದ ದಿನವೇ ಮರಿಮಲ್ಲಪ್ಪನಿಗೆ ವಿಷಯ ಗೊತ್ತಾದದ್ದು. ಅಷ್ಟು ಹೊತ್ತಿಗೆ ಹರಕೆ ದೇವಿಯ ಕಿವಿಗೆ ಬಿದ್ದಾಗಿತ್ತು. ಹುಂಜವನ್ನು ಹೊಡೆಯುವಂತಿಲ್ಲ, ಮಾರುವಂತಿಲ್ಲ, ಓಡಿಸುವಂತಿಲ್ಲ. ಅದು ಮೂಗಮ್ಮನ ಹುಂಜ, ಅವಳ ಗುಡಿಸಲ ಹತ್ತಿರ ಕಾಡುಬೆಕ್ಕಿನ ಕಾಟವಂತೆ, ಪಾಪ ಅಂತ ಇಲ್ಲಿ ಬಿಟ್ಟುಕೊಂಡಿದ್ದೇವೆ ಎಂದು ಮರಿಮಲ್ಲಪ್ಪ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ. ಬೀದಿಯವರು ಹೌದಾ, ಪಾಪ, ಎಂದರು. ನಂಬಿದರೋ ಬಿಟ್ಟರೋ ಆ ಶಿವನೇ ಬಲ್ಲ.

ಹೀಗಿರುವಾಗ ಮಂಡಿಗೆ ಬಂದ ರೈತರೊಬ್ಬರು ಸುದ್ದಿ ತಂದರು. ಉಡಿಗಾಲದ ಗುರುಪಾದಸ್ವಾಮಿಯವರು ಮಗನಿಗೆ ಹೆಣ್ಣು ನೋಡಲು ಸೋಮವಾರ ಬರುತ್ತಾರಂತೆ. ಗುರುಪಾದಸ್ವಾಮಿ ಎಂದರೆ ಸಾಮಾನ್ಯದವರಲ್ಲ. ಮಠಕ್ಕೆ ಬಲಗೈ ಇದ್ದಂತೆ, ಪೂಜೆಯಾಗದೆ ಒಂದು ಗುಟುಕು ನೀರು ಮುಟ್ಟುವವರಲ್ಲ. ಹುಡುಗ ಚಾಮರಾಜನಗರದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಯಾರದೋ ಮದುವೆಯಲ್ಲಿ ಪುಟ್ಟಮಲ್ಲಮ್ಮನೂ ಅವನೂ ಒಬ್ಬರನ್ನೊಬ್ಬರು ನೋಡಿದ್ದರು. ಸುದ್ದಿ ಬಂದ ದಿನದಿಂದ ಹುಡುಗಿ ಬಾವಿಯಲ್ಲಿ ನೀರು ಸೇದುವಾಗಲೂ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ಅದನ್ನು ನೋಡಿದ ಮೇಲೆ ಮರಿಮಲ್ಲಪ್ಪನಿಗೆ ಅನ್ನ ಸೇರಲಿಲ್ಲ. ಅಂಥಾ ಮನೆಯವರು ಬಂದು ಕೂತಿರುವಾಗ ಹಿತ್ತಲಲ್ಲಿ ಕೋಳಿ ಕೂಗಿದರೆ ಈ ಮನೆಯವರ ಊಟದ ಬಗ್ಗೆ ಏನಂದುಕೊಂಡಾರು? ಮಗಳ ನಗು ಅಲ್ಲಿಗೇ ಮುಗಿದಂತೆ.

ಸೋಮವಾರ ಬೆಳಗಾಗುವ ಮೊದಲೇ ಹುಂಜ ಎಂದಿಗಿಂತ ಹುರುಪಿನಿಂದ ಕೂಗಿ ಮರಿಮಲ್ಲಪ್ಪನನ್ನು ಎಬ್ಬಿಸಿತು.

"ನಿನ್ನ ದಮ್ಮಯ್ಯ ಕಣಮ್ಮಿ," ಎಂದ ಅವನು ಹೆಂಡತಿಗೆ, "ಇವತ್ತೊಂದಿನ ಆ ಶನೀನ ಮೂಗಮ್ಮನ ಗುಡಿಸ್ಲಿಗೆ ಕಳಿಸ್ಬುಡು."

"ಶನಿ ಅನ್ಬ್ಯಾಡಿ, ದೇವರ ಹುಂಜ!" ಎಂದು ಶಿವರುದ್ರಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು.

ಸಗಣಿ ಮಂಕರಿ ಹಿಡಿದು ಆಗ ತಾನೇ ಬಂದ ಮೂಗಮ್ಮ ಬಾಗಿಲಲ್ಲೇ ನಿಂತು ತಲೆಯಾಡಿಸಿದಳು. "ಆಗಕ್ಕಿಲ್ಲ ಬುದ್ಧಿ. ಮೀಸಲು ಹುಂಜ ಯಾರ ಮನೇಲಿ ಕೂಗ್ತದೋ ಹರಕೆ ಫಲ ಆ ಮನೇರ್ಗೇ. ಇವತ್ತು ನನ್ನ ಗುಡಿಸ್ಲಲ್ಲಿ ಕೂಗಿದ್ರೆ ಉಡಿಗಾಲದ ಗಂಡು ನನ್ನ ಮೊಮ್ಮಗಳಿಗೆ ಗೊತ್ತಾಯ್ತದೆ. ನಮ್ದೇನೂ ಅಡ್ಡಿ ಇಲ್ಲ, ನೀವು ನೋಡ್ಕಳಿ."

"ಮತ್ತೆ ಏನ್ ಮಾಡಾದು?"

"ನಿಮ್ಮ ನಂಟ್ರ ಮನೇಲಾದ್ರೆ ಬುಡಬೋದು. ನಂಟ್ರು ಅಂದ್ರೆ ಒಂದೇ ಮನೆ ಇದ್ದಂಗಲ್ವಾ, ಅದ್ಕೆ ದೋಸ ಇಲ್ಲ."

ಮರಿಮಲ್ಲಪ್ಪನ ನಂಟರೆಲ್ಲ ಇದ್ದದ್ದು ನಂಜನಗೂಡಿನ ಆಚೆ. ಹುಂಜವನ್ನು ಅಲ್ಲಿಗೆ ಮುಟ್ಟಿಸಿ ಬರುವಷ್ಟರಲ್ಲಿ ಬೀಗರು ಬಂದು, ಉಂಡು, ಹೋಗಿಯೂ ಆಗಿರುತ್ತಿತ್ತು. ಅವನು ತಲೆಯ ಮೇಲೆ ಕೈಹೊತ್ತು ಜಗಲಿಯ ಮೇಲೆ ಕೂತ.

ಹಾಗೆ ಕೂತದ್ದೇ ತಪ್ಪಾಯಿತು. ಎದುರು ಮನೆಯ ಚಿಕ್ಕಮಲ್ಲಪ್ಪ ಮೇಷ್ಟ್ರು ನೋಡಿಬಿಟ್ಟರು. ಅವರು ಕೆಲಸದಿಂದ ನಿವೃತ್ತಿಯಾಗಿದ್ದರೂ ಪಾಠ ಹೇಳುವುದರಿಂದ ನಿವೃತ್ತಿಯಾಗಿರಲಿಲ್ಲ.

"ಯಾಕ್ಲಾ ಮರಿಮಲ್ಲ, ಬೆಳಗ್ಗೆ ಬೆಳಗ್ಗೇನೇ ಹಿಂಗೆ ಕೂತಿದ್ದೀಯೆ? ಹುಂಜದ ಯೋಚ್ನೆಯೋ?"

"ಮೂಗಮ್ಮನ ಹುಂಜ ಮೇಷ್ಟ್ರೇ..."

"ಯಾರದಾದ್ರೂ ಆಗ್ಲಿ ಕಣಯ್ಯ. ಹುಂಜ ಕತ್ತು ಎತ್ತದೆ ಕೂಗಲಾರದು. ತಗ್ಗಾದ ಮಂಕರಿ ಕವುಚಿ ಹಾಕು, ಮೇಲೊಂದು ಕಲ್ಲು ಇಡು. ಎಲ್ಲಿ ಕೂಗ್ತದೋ ನಾನೂ ನೋಡ್ತೀನಿ."

ಮಂಕರಿ ಕವುಚಬೇಕಾದರೆ ಮೊದಲು ಹುಂಜವನ್ನು ಹಿಡಿಯಬೇಕಲ್ಲ. ಬೀಗರು ಬರುತ್ತಾರೆಂದು ಮರಿಮಲ್ಲಪ್ಪ ಆಗಲೇ ಮಡಿ ಪಂಚೆ ಉಟ್ಟು ವಿಭೂತಿ ಧರಿಸಿದ್ದ. ಅದೇ ವೇಷದಲ್ಲಿ ಹಿತ್ತಲಿಗೆ ಇಳಿದ. ಹುಂಜ ಹುಲ್ಲಿನ ಮೆದೆಯ ಸುತ್ತ ಓಡಿತು, ಮರಿಮಲ್ಲಪ್ಪನೂ ಓಡಿದ. ಹುಂಜ ಎಮ್ಮೆಯ ಬೆನ್ನೇರಿತು, ಎಮ್ಮೆ ಬೆದರಿ ಗೂಟ ಕಿತ್ತಿತು. ಮೇಷ್ಟ್ರು ಹಿತ್ತಲ ಗೋಡೆಯ ಆಚೆ ಬಂದು ನಿಂತು "ಎಡಕ್ಕೆ! ಎಡಕ್ಕೆ!" ಎಂದು ಕೂಗಿದರು. ಅವರ ಎಡ ಮರಿಮಲ್ಲಪ್ಪನಿಗೆ ಬಲವಾಗಿತ್ತು. ಅವನು ಎಡಕ್ಕೆ ಹಾರಿ ಕಲಗಚ್ಚಿನ ಬಾನಿಯಲ್ಲಿ ಮೊಣಕಾಲುದ್ದ ಇಳಿದ. ಮಡಿ ಪಂಚೆಯ ತುಂಬ ನೆನೆದ ಹಿಂಡಿ, ತೌಡು, ನಿನ್ನೆಯ ಹುಳಿಸಾರು. ಶಿವರುದ್ರಮ್ಮ ಬಾಯಿ ಬಡಿದುಕೊಂಡಳು, ಮೂಗಮ್ಮ ಸೆರಗು ಅಡ್ಡ ಹಿಡಿದು ನಕ್ಕಳು. ಕಡೆಗೆ ಪುಟ್ಟಮಲ್ಲಮ್ಮ ಬಂದು "ಬಾ ಬಾ ಬಾ" ಎಂದು ಒಂದು ಹಿಡಿ ರಾಗಿ ಚೆಲ್ಲಿದಳು. ಹುಂಜ ಮರ್ಯಾದಸ್ಥನಂತೆ ನಡೆದುಬಂದು ಅವಳ ಕೈಗೆ ಸಿಕ್ಕಿತು.

ಮಂಕರಿ ಕವುಚಿದರು, ಮೇಲೆ ಗುಂಡುಕಲ್ಲು ಇಟ್ಟರು. ಮೇಷ್ಟ್ರು ಹೇಳಿದ್ದು ಅರ್ಧ ನಿಜವಾಯಿತು. ಕತ್ತು ಎತ್ತಲಾರದ ಹುಂಜ ಕೂಗಲಿಲ್ಲ. ಬೇರೆ ಏನೋ ಮಾಡಿತು. ಆ ಸದ್ದು ಎಂಥದೆಂದರೆ, ಯಾರೋ ಯಾರದೋ ಕತ್ತು ಹಿಸುಕುತ್ತಿದ್ದಾರೆಂದು ಬೀದಿಯ ತುದಿಯ ಮನೆಯಿಂದ ಜನ ಓಡಿಬಂದರು. ಮೇಷ್ಟ್ರು ಮೆಲ್ಲಗೆ ತಮ್ಮ ಮನೆಯ ಒಳಗೆ ಸೇರಿಕೊಂಡರು.

ಓಡಿಬಂದವರಲ್ಲಿ ಪಕ್ಕದ ಮನೆಯ ಯಶೋದಮ್ಮನೂ ಇದ್ದಳು, ಪೋಸ್ಟ್ ಮಾಸ್ಟರ ಹೆಂಡತಿ. ತುಂಬ ಒಳ್ಳೆಯ ಹೆಂಗಸು, ಅದೇ ಅವಳ ತೊಂದರೆ. ಕರೆಯದಿದ್ದರೂ ಉಪಕಾರಕ್ಕೆ ಬರುತ್ತಿದ್ದಳು.

"ಅಯ್ಯೋ, ಇಷ್ಟಕ್ಕೆಲ್ಲಾ ಯಾಕ್ರೀ ಒದ್ದಾಡ್ತೀರಿ? ಗಸಗಸೆ ಪಾಯಸ ಕುಡಿಸಿ. ನಮ್ಮನೆಯವರಿಗೆ ಅರ್ಧ ಲೋಟ ಕೊಟ್ಟರೆ ಸಾಕು, ಕೂತಲ್ಲೇ ಗೊರಕೆ ಹೊಡೀತಾರೆ. ಹುಂಜ ಎಷ್ಟರದು?" ಎಂದು ಹೋದವಳು ಸ್ವಲ್ಪ ಹೊತ್ತಿನಲ್ಲೇ ಚೆಂಬಿನ ತುಂಬ ಗಟ್ಟಿ ಪಾಯಸ ತಂದುಕೊಟ್ಟು, ತನ್ನ ಅಡಿಗೆ ಕೆಲಸಕ್ಕೆ ಓಡಿದಳು.

ಮಂಕರಿ ಎತ್ತಿ, ಪಾಯಸ ಬಟ್ಟಲಿಗೆ ಬಗ್ಗಿಸಿ ಇಟ್ಟರೆ ಹುಂಜ ಒಮ್ಮೆ ಕೊಕ್ಕು ಅದ್ದಿ, ತಲೆ ಕೊಡವಿ, ಮುಖ ತಿರುಗಿಸಿತು. ಚೆಂಬಿನಲ್ಲಿ ಇನ್ನೂ ಮುಕ್ಕಾಲು ಪಾಯಸ ಉಳಿದಿತ್ತು. ಬೆಲ್ಲ, ಕೊಬ್ಬರಿ, ಏಲಕ್ಕಿ ಘಮಘಮ ಎನ್ನುತ್ತಿತ್ತು. ಮರಿಮಲ್ಲಪ್ಪನ ಹೊಟ್ಟೆಗೆ ಹಿಂದಿನ ದಿನದಿಂದ ಸರಿಯಾಗಿ ಏನೂ ಬಿದ್ದಿರಲಿಲ್ಲ. ಚೆಲ್ಲುವುದು ಯಾಕೆ ಎಂದು ಅಷ್ಟನ್ನೂ ಗಟಗಟ ಕುಡಿದ.

"ಅಪ್ಪಾ," ಎಂದಳು ಪುಟ್ಟಮಲ್ಲಮ್ಮ ನಗು ತಡೆದುಕೊಂಡು, "ಅದು ಕತ್ತಲೇಲಿ ಕೂಗಲ್ಲ. ಉಗ್ರಾಣದಲ್ಲಿ ಬಿಟ್ಟು ಬಾಗಿಲು ಹಾಕ್ಬುಡನ. ರಾತ್ರಿ ಅಂದ್ಕಂಡು ಮಲಗ್ತದೆ."

ಉಗ್ರಾಣಕ್ಕೆ ಕಿಟಕಿಯೇ ಇರಲಿಲ್ಲ. ಹುಂಜವನ್ನು ಈರುಳ್ಳಿ ಮೂಟೆಯ ಮೇಲೆ ಕೂರಿಸಿ ಬಾಗಿಲು ಮುಚ್ಚಿದರು. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಸದ್ದಿಲ್ಲ. ಮತ್ತೂ ನಿಂತರು. ಸದ್ದೇ ಇಲ್ಲ. ಮರಿಮಲ್ಲಪ್ಪನಿಗೆ ಮಗಳನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು.

"ನೀನು ಹೇಳ್ದಂಗೇ ಆಯ್ತು ಕಣವ್ವಾ! ಈ ಬುದ್ಧಿ ನಮಗ್ಯಾರಿಗೂ ಹೊಳೀನಿಲ್ವಲ್ಲಾ!"

"ಇನ್ನೊಂದು ಮಾತಪ್ಪಾ." ಹುಡುಗಿ ನೆಲ ನೋಡಿದಳು. "ಬಂದೋರ ಮುಂದೆ ನೀವು ವಸಿ ಮಾತು ಕಮ್ಮಿ ಮಾಡಿ."

"ಬಾಯಿ ಬುಡಕ್ಕಿಲ್ಲ, ನಿನ್ನಾಣೆ," ಎಂದ ಮರಿಮಲ್ಲಪ್ಪ.

ಹೊತ್ತು ನೆತ್ತಿಗೆ ಬರುವಾಗ ಕಮಾನು ಗಾಡಿ ಬಾಗಿಲ ಮುಂದೆ ನಿಂತಿತು. ಗುರುಪಾದಸ್ವಾಮಿಯವರು ಇಳಿದರು. ಎತ್ತರದ ಆಳು, ಜರಿ ರುಮಾಲು, ಹಣೆ ತುಂಬ ವಿಭೂತಿ. ಅವರ ಹಿಂದೆ ಹೆಂಡತಿ ಗುರುಸಿದ್ದಮ್ಮ, ಆಕೆಯ ಹಿಂದೆ ನಾಚಿಕೊಂಡ ಮಗ. ಗಾಡಿಯ ಆಳು ಎತ್ತು ಬಿಚ್ಚಿಕೊಂಡು ನೀರಿಗೆಂದು ಕೆರೆಯ ಕಡೆ ಹೊಡೆದುಕೊಂಡು ಹೋದ. ಗುರುಪಾದಸ್ವಾಮಿಯವರು ಗಾಡಿಯ ಒಳಗಿದ್ದ ಹುಲ್ಲನ್ನೂ ಗೋಣಿತಾಟನ್ನೂ ತಾವೇ ಸರಿಮಾಡಿ, ಎರಡೆರಡು ಸಲ ತಿರುಗಿ ನೋಡಿ ಒಳಗೆ ಬಂದರು. ಎಷ್ಟು ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡ ಮರಿಮಲ್ಲಪ್ಪ.

ನಡುಮನೆಯಲ್ಲಿ ಜಮಖಾನ ಹಾಸಿತ್ತು. ಕಾಲಿಗೆ ನೀರು, ಕುಡಿಯಲು ಪಾನಕ ಆಯಿತು. ಪಂಚೆ ಬದಲಿಸಿಕೊಂಡಿದ್ದ ಮರಿಮಲ್ಲಪ್ಪ ಮಗಳ ಮಾತು ನೆನೆದು ಬಾಯಿ ಮುಚ್ಚಿ ಕೂತ. ಹಾಗೆ ಕೂತದ್ದರಿಂದಲೋ, ಚೆಂಬಿನ ಪಾಯಸದಿಂದಲೋ, ಅವನಿಗೆ ಒಂದು ಆಕಳಿಕೆ ಬಂತು. ಅದರ ಬೆನ್ನಿಗೇ ಇನ್ನೊಂದು.

"ಕೊಕ್ಕೊಕ್ಕೋ ಕೋ..."

ಮರಿಮಲ್ಲಪ್ಪ ಕೂತಲ್ಲೇ ಬೆಚ್ಚಿಬಿದ್ದ. ಅದೇ ಗಳಿಗೆಗೆ ಗುರುಪಾದಸ್ವಾಮಿಯವರಿಗೆ ಎಂಥದೋ ಭಯಂಕರ ಕೆಮ್ಮು ಬಂತು. ಕೆಮ್ಮಿ, ಕೆಮ್ಮಿ, ಕಣ್ಣಲ್ಲಿ ನೀರು ಬಂದು, "ಈರುಳ್ಳಿ ಧಾರಣೆ ಹೆಂಗದೆ ಯಜಮಾನ್ರೇ?" ಎಂದು ಕಿವುಡರಿಗೆ ಹೇಳುವಂತೆ ಕಿರಿಚಿದರು.

"ಚೆನ್ನಾಗದೆ! ಚೆನ್ನಾಗದೆ!" ಎಂದು ಮರಿಮಲ್ಲಪ್ಪನೂ ಕಿರಿಚಿ, "ನೀರು ತರ್ತೀನಿ" ಎಂದು ಒಳಗೆ ಓಡಿದ. ಉಗ್ರಾಣದ ಬಾಗಿಲಿಗೆ ಕಿವಿಕೊಟ್ಟ. ಒಳಗೆ ಇರುವೆ ಹರಿದ ಸದ್ದೂ ಇಲ್ಲ. ಬಾಗಿಲು ಹಾಕಿದಂತೆಯೇ ಇತ್ತು. ಹಾಗಾದರೆ ಕೂಗಿದ್ದು ಯಾರು? ಬೀದಿಯ ಕಡೆಯಿಂದ ಕೇಳಿದಂತಾಯಿತಲ್ಲ! ಹುಂಜ ಉಗ್ರಾಣದಿಂದ ಬೀದಿಗೆ ಹೋಗಿ ಕೂಗಿ ಬಂದು ಮಲಗಿತೇ? ಪಾಯಸದ ಮಂಪರಿನಲ್ಲಿ ಅವನಿಗೆ ಅದೂ ಆಗಬಹುದೆನಿಸಿತು.

ನೀರು ಹಿಡಿದು ಬಂದು ಕೂರುವಷ್ಟರಲ್ಲಿ ಮತ್ತೆ ಕೂಗು. ಈ ಸಲ ಕೆಮ್ಮು ಸಾಲಲಿಲ್ಲ. ಗುರುಪಾದಸ್ವಾಮಿಯವರು ಎದ್ದೇ ಬಿಟ್ಟರು.

"ವಸಿ ಎತ್ತು ನೋಡ್ಕಬತ್ತೀನಿ."

ಎತ್ತುಗಳು ಕೆರೆಯ ಹತ್ತಿರ ಇದ್ದವು. ಮರಿಮಲ್ಲಪ್ಪ ಹಿಂದೆಯೇ ಎದ್ದ. ಮುಗಿಯಿತು, ಕೋಪ ಬಂದಿದೆ, ದೊಡ್ಡ ಮನುಷ್ಯರು ಬಾಯಿಬಿಟ್ಟು ಹೇಳಲಾರರು, ಎತ್ತಿನ ನೆಪದಲ್ಲಿ ಹೊರಟೇ ಬಿಟ್ಟರು! ಅವನು ಬಾಗಿಲಲ್ಲಿ ನಿಂತು ನೋಡಿದ. ಗುರುಪಾದಸ್ವಾಮಿಯವರು ಎತ್ತಿಲ್ಲದ ಗಾಡಿಯೊಳಗೆ ಅರ್ಧ ಮೈ ತೂರಿಸಿ ಏನೋ ಗೊಣಗುತ್ತಿದ್ದರು. ಆಮೇಲೆ ಬೆವರು ಒರೆಸಿಕೊಂಡು ವಾಪಸು ಬಂದು ಕೂತರು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಬೆಳಗಿನ ಪ್ರಮಾದವನ್ನು ಸರಿಮಾಡಬೇಕೆಂದು ಎದುರುಮನೆ ಮೇಷ್ಟ್ರು ಶಾಲು ಹೊದ್ದು ಬಂದುಬಿಟ್ಟರು. ಬಂದವರೇ ಗುರುಪಾದಸ್ವಾಮಿಯವರಿಗೆ ಕೈಮುಗಿದು, "ಈಗ ಕೋಳಿ ಕೂಗಿದ್ದು ಈ ಮನೇದಲ್ಲ ಸ್ವಾಮೀ. ನಮ್ಮ ಬೀದೀಲಿ ಕೋಳಿ ಅನ್ನೋದೇ ಇಲ್ಲ. ಹಿಂದಿನ ಬೀದೀದು. ಬೇಕಾದ್ರೆ ಯಾರನ್ನಾದ್ರೂ ಕೇಳಿ," ಎಂದರು.

ಮರಿಮಲ್ಲಪ್ಪ ಭೂಮಿ ಬಾಯಿಬಿಡಬಾರದೇ ಎಂದುಕೊಂಡ.

"ಕೋಳಿಯಾ?" ಗುರುಪಾದಸ್ವಾಮಿಯವರು ಹುಬ್ಬೇರಿಸಿದರು. "ಯಾವ ಕೋಳಿ? ನಂಗೇನೂ ಕೇಳ್ನಿಲ್ವಲ್ಲ! ನಿಂಗೇನಾರ ಕೇಳ್ತೇನಮ್ಮಿ?"

"ಇಲ್ಲಪ್ಪ," ಎಂದಳು ಗುರುಸಿದ್ದಮ್ಮ ತಟ್ಟನೆ. "ಕೋಳಿ ಕೂಗು ಹೆಂಗಿರ್ತದೆ ಅಂತ್ಲೇ ನಮಗೆ ಗೊತ್ತಿಲ್ಲ."

ಎಂಥ ದೊಡ್ಡ ಗುಣ! ಕೇಳಿಯೂ ಕೇಳದವರಂತೆ ನಮ್ಮ ಮಾನ ಉಳಿಸಿದರು ಎಂದು ಮರಿಮಲ್ಲಪ್ಪನಿಗೆ ಕಣ್ಣು ತುಂಬಿಬಂತು. ಅಷ್ಟರಲ್ಲಿ ಪುಟ್ಟಮಲ್ಲಮ್ಮ ತಟ್ಟೆಯಲ್ಲಿ ಹಣ್ಣು ಎಲೆಅಡಿಕೆ ಹಿಡಿದು ಬಂದಳು. ಹುಡುಗ ತಲೆ ಎತ್ತಿ ನೋಡಿದವನು ಮತ್ತೆ ತಗ್ಗಿಸಲೇ ಇಲ್ಲ. ಗುರುಸಿದ್ದಮ್ಮ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಲ್ಲ ಹಿಡಿದು ಮಾತಾಡಿಸಿದಳು. ಎಲ್ಲ ಸುಸೂತ್ರವಾಗಿ ಸಾಗುತ್ತಿತ್ತು. ಬೀದಿಯ ಕಡೆಯ ಕೂಗೂ ನಿಂತಿತ್ತು. ಮರಿಮಲ್ಲಪ್ಪನ ಮೈ ಹಗುರವಾಯಿತು, ಗೋಡೆಗೆ ಒರಗಿದ, ಗಸಗಸೆ ತನ್ನ ಕೆಲಸ ಮುಗಿಸಿತು.

ಅವನು ಹಾಗೆ ನಿದ್ದೆಹೋದ ಹೊತ್ತಿಗೆ ಸರಿಯಾಗಿ ಯಶೋದಮ್ಮ ಉಪಕಾರ ಮಾಡಲು ಬಂದಳು. ಬಂದು, ಹೆಂಗಸರ ನಡುವೆ ಕೂತು, ಈ ಮನೆಯ ಗುಣಗಾನ ಶುರುಮಾಡಿದಳು. ಇಂಥ ಜನ ಸಿಕ್ಕಲ್ಲ, ಹುಡುಗಿ ಚಿನ್ನ, ಮನೆ ನೋಡಿ ಎಷ್ಟು ದೊಡ್ಡದು, ಬೀದಿಯಲ್ಲಿ ಮೊದಲು ಕರೆಂಟು ಹಾಕಿಸಿದ್ದೇ ಇವರು.

"ನಮ್ಮೂರ್ಗೆ ಇನ್ನೂ ಬಂದಿಲ್ಲ ಕಣವ್ವ ಅದು," ಎಂದಳು ಗುರುಸಿದ್ದಮ್ಮ ಆಸೆಯಿಂದ. "ಗುಂಡಿ ಒತ್ತುದ್ರೆ ಹಗಲಾಗ್ಬುಡ್ತದಂತಲ್ಲಾ?"

"ಬನ್ನಿ, ತೋರಿಸ್ತೀನಿ!"

ನಡುಮನೆಯ ಬಲ್ಬು ಹತ್ತಿಸಿದರೆ ಒಳಕ್ಕೆ ಬೀಳುತ್ತಿದ್ದ ಬಿಸಿಲಿನಲ್ಲಿ ಏನೂ ಕಾಣಲಿಲ್ಲ. ಗುರುಸಿದ್ದಮ್ಮನ ಮುಖ ಸಪ್ಪಗಾಯಿತು. ಯಶೋದಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. "ಇಲ್ಲಿ ಬೆಳಕಲ್ಲವೇ, ಅದಕ್ಕೆ. ಒಳಗೆ ಕತ್ತಲೆ ಉಗ್ರಾಣ ಇದೆ, ಅಲ್ಲಿ ಹಾಕಿದರೆ ನೋಡಬೇಕು ನೀವು!" ಪಾಯಸ ಕುಡಿದ ಹುಂಜ ಕೊಟ್ಟಿಗೆಯಲ್ಲಿ ಗೊರಕೆ ಹೊಡೆಯುತ್ತಿದೆಯೆಂದೇ ಆಕೆ ನಂಬಿದ್ದಳು. ಉಗ್ರಾಣದ ವಿಷಯ ಆಕೆಗೆ ಹೇಳಿದವರಾರು?

ಅಡಿಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದ ಶಿವರುದ್ರಮ್ಮ "ಅಲ್ಲಿ ಬ್ಯಾಡ ಕಣವ್ವೋ!" ಎಂದು ಓಡಿಬಂದಳು. ಮರಿಮಲ್ಲಪ್ಪ ಗಡಬಡಿಸಿ ಎಚ್ಚರಗೊಂಡು, ಎಡವಿ ಬಿದ್ದು, ಎದ್ದು ಓಡಿಬಂದ. ತಡವಾಗಿತ್ತು. ಯಶೋದಮ್ಮ ಬಾಗಿಲು ತಳ್ಳಿ ಗುಂಡಿ ಒತ್ತಿದಳು.

ಉಗ್ರಾಣದಲ್ಲಿ ಬೆಳಗಾಯಿತು.

ಈರುಳ್ಳಿ ಮೂಟೆಯ ಮೇಲೆ ಹುಂಜ ಎದ್ದು ನಿಂತಿತು. ರೆಕ್ಕೆ ಬಡಿಯಿತು. ಬೆಳಿಗ್ಗೆ ಮಂಕರಿಯಲ್ಲಿ ಕುಗ್ಗಿದ್ದ ಕತ್ತನ್ನು ಮನಸಾರೆ ನೀಡಿ, ಗುರುಸಿದ್ದಮ್ಮನನ್ನೇ ನೋಡುತ್ತ, ಇದ್ದಬದ್ದ ಕೂಗನ್ನೆಲ್ಲ ಒಂದೇ ಉಸಿರಿಗೆ ಕೂಗಿತು.

ಪುಟ್ಟಮಲ್ಲಮ್ಮ ಗೋಡೆಗೆ ಮುಖ ಮಾಡಿ ನಿಂತಳು, ಅವಳ ಭುಜ ನಡುಗುತ್ತಿತ್ತು. ಅದನ್ನು ನೋಡಿ ಮರಿಮಲ್ಲಪ್ಪನಿಗೆ ತಡೆಯಲಾಗಲಿಲ್ಲ. "ತಾಯೀ, ನನ್ನ ಮಗಳ ತಪ್ಪಿಲ್ಲ! ನಾವು ಅದನ್ನ ಮುಟ್ಟೋರಲ್ಲ, ತಿನ್ನೋರಲ್ಲ. ಹರಕೆ ಹುಂಜ. ನನ್ನ ಹೆಂಡ್ತಿ ಮಾರವ್ವಂಗೆ..." ಎಂದು ಕೈಮುಗಿದ.

ಆಗ ಬೀದಿಯ ಕಡೆಯಿಂದ ಇನ್ನೊಂದು ಹುಂಜ ಉತ್ತರ ಕೊಟ್ಟಿತು. ಉಗ್ರಾಣದ ಹುಂಜ ಮತ್ತೆ ಕೂಗಿತು. ಬೀದಿ ಹುಂಜ ಬಿಡಲಿಲ್ಲ, ಅದೂ ಕೂಗಿತು. ಮರಿಮಲ್ಲಪ್ಪ ಒಮ್ಮೆ ಒಳಗೆ ಒಮ್ಮೆ ಹೊರಗೆ ನೋಡಿದ. ಗುರುಪಾದಸ್ವಾಮಿಯವರು ಕೆಮ್ಮಲು ಬಾಯಿ ತೆರೆದವರು, ಕೆಮ್ಮದೆ ಹಾಗೇ ಮುಚ್ಚಿಕೊಂಡರು.

ಗುರುಸಿದ್ದಮ್ಮ ಅಲ್ಲೇ ಒಂದು ಮೂಟೆಯ ಮೇಲೆ ಧೊಪ್ಪನೆ ಕೂತು ಬಿದ್ದು ಬಿದ್ದು ನಕ್ಕಳು. ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಯ್ಯೋ ನನ್ನವ್ವಾ! ನಿಮ್ಮನೇಲೂ ಅದಾ? ನಮ್ಮದು ಗಾಡೀಲಿ ಅದೆ ಕಣಕ್ಕಾ!" ಎಂದಳು.

"ನಿಮ್ಮದಾ?" ಎಂದಳು ಶಿವರುದ್ರಮ್ಮ, ಹಿಟ್ಟಿನ ಕೈ ಬಾಯಿಗೆ ಹೋಯಿತು.

"ನಮ್ಮ ಹೈದಂಗೆ ಒಳ್ಳೆ ಹೆಣ್ಣು ಸಿಕ್ಲಿ ಅಂತ ನಾನೂ ಮಾರವ್ವಂಗೆ ಮೀಸಲು ಬುಟ್ಟಿದ್ದೆ. ಹೋದ ವರ್ಸದಿಂದ ಹುಲ್ಲಿನ ಮೆದೆ ಹಿಂದೆ ಬಚ್ಚಿಟ್ಟು ಸಾಕ್ತಿವ್ನಿ. ನಿಮಗೆ ಗೊತ್ತಾದ್ರೆ ಹೆಣ್ಣು ಕೊಟ್ಟೀರಾ ಅಂತ ದಾರಿ ಉದ್ದಕ್ಕೂ ಇವ್ರು ನನ್ನ ಬಯ್ಕಂಡೇ ಬಂದ್ರು!"

"ನಾನು ಕೆಮ್ಮಿ ಕೆಮ್ಮಿ ಗಂಟ್ಲು ಹರಿದೋಯ್ತು ಯಜಮಾನ್ರೇ," ಎಂದರು ಗುರುಪಾದಸ್ವಾಮಿಯವರು. ದೊಡ್ಡ ಮನುಷ್ಯರ ಮುಖ ಮೊದಲ ಸಲ ಸಡಿಲವಾಗಿತ್ತು. "ನೀವು ಒಳಗೆ ಓಡೋದು ನೋಡಿ, ನೀರು ತರಾಕಲ್ಲ, ಕೋಳಿ ಕೂಗು ಕೇಳಿ ಬಾಯಿ ತೊಳ್ಕಳಾಕೆ ಹೋಗವ್ರೆ ಅಂದ್ಕಂಡೆ!"

ಅವರು ನಕ್ಕರು, ಮರಿಮಲ್ಲಪ್ಪ ನಕ್ಕ, ಎದುರುಮನೆ ಮೇಷ್ಟ್ರು ನಕ್ಕು ಇದೆಲ್ಲ ತಮಗೆ ಮೊದಲೇ ಗೊತ್ತಿತ್ತು ಎಂದರು. ಪುಟ್ಟಮಲ್ಲಮ್ಮ ಈ ಕಡೆ ತಿರುಗಿದಳು. ಅವಳ ಭುಜ ನಡುಗಿದ್ದು ಅಳುವಿನಿಂದಲ್ಲ, ತಡೆದಿಟ್ಟ ನಗುವಿನಿಂದ ಎಂದು ಆಗ ತಿಳಿಯಿತು. ಹುಡುಗ ಅವಳನ್ನು ನೋಡಿ ತಾನೂ ನಕ್ಕುಬಿಟ್ಟ. ಇನ್ನು ಕೇಳುವುದೇನಿದೆ? ಹೋಳಿಗೆ ಊಟವಾಯಿತು, ವೀಳ್ಯ ಬದಲಾಯಿತು, ಮಾರಿಹಬ್ಬ ಕಳೆದ ಮೇಲೆ ಮದುವೆ ಎಂದು ಮಾತಾಯಿತು. ಮಾತು ಕಮ್ಮಿ ಮಾಡಬೇಕೆಂಬ ಆಣೆ ಮುಗಿದಿದ್ದರಿಂದ ಮರಿಮಲ್ಲಪ್ಪ ಮಂಡಿಯ ಕತೆಯನ್ನು ಮೊದಲಿಂದ ಶುರುಮಾಡಿದ. ಗುರುಪಾದಸ್ವಾಮಿಯವರು ಹೂಂಗುಟ್ಟುತ್ತ ಕೇಳಿದರು.

ಬಿಸಿಲು ಇಳಿಯುವಾಗ ಗಾಡಿ ಕಟ್ಟಿದರು. ಬೀಳ್ಕೊಡಲು ಬೀದಿಗೆ ಬೀದಿಯೇ ಬಂದು ನಿಂತಿತು. ಗುರುಸಿದ್ದಮ್ಮ ಶಿವರುದ್ರಮ್ಮನ ಕೈಹಿಡಿದು ಏನೋ ಗುಟ್ಟಾಗಿ ಹೇಳಿದಳು, ಶಿವರುದ್ರಮ್ಮ ಅದಕ್ಕೇನಂತೆ ಎಂದು ತಲೆಯಾಡಿಸಿದಳು. ಗುರುಪಾದಸ್ವಾಮಿಯವರು ಗಾಡಿಯೊಳಗೆ ಬಗ್ಗಿ, ಗೋಣಿತಾಟು ಹೊದಿಸಿದ ಒಂದು ಕುಕ್ಕೆಯನ್ನು ತೆಗೆದು ಮರಿಮಲ್ಲಪ್ಪನ ಕೈಗಿಟ್ಟರು. ಕುಕ್ಕೆ ಕೊಸರಾಡಿತು.

"ಇದೇನು ಬೀಗರೇ?"

"ನಾಳೆ ಮಠದ ಸ್ವಾಮಿಗಳು ನಮ್ಮನೇಗೆ ಪಾದಪೂಜೆಗೆ ದಯಮಾಡಿಸ್ತವ್ರೆ. ಅವರು ಬಂದಾಗ ಇದು ಕೂಗಿದ್ರೆ ನನ್ನ ಗತಿ ಏನು? ತೆರಕಣಾಂಬೀಲಿ ನಮ್ಮ ನಾದಿನಿ ಮನೇಲಿ ಬುಡನ ಅಂತ್ಲೇ ತಂದದ್ದು. ನೋಡುದ್ರೆ ಬಾಗ್ಲಿಗೆ ಬೀಗ. ಮಗಳ ಬಾಣಂತನಕ್ಕೆ ಹೋಗವ್ಳಂತೆ."

"ನಂಟ್ರ ಮನೇಲಲ್ದೆ ಬ್ಯಾರೆ ಕಡೆ ಬುಡಾಂಗಿಲ್ವಲ್ಲ ಅಣ್ಣಾ," ಎಂದಳು ಗುರುಸಿದ್ದಮ್ಮ. "ಈಗ ನಿಮಗಿಂತ ಹತ್ರದ ನಂಟ್ರು ನಮಗ್ಯಾರವ್ರೆ? ಮಾರಿಹಬ್ಬದಗಂಟ ಇಟ್ಕಳಿ."

ಮರಿಮಲ್ಲಪ್ಪ ಸುತ್ತ ನೋಡಿದ. ಮೇಷ್ಟ್ರು ಕಣ್ಣು ಅರಳಿಸಿ ನೋಡುತ್ತಿದ್ದರು. ಯಶೋದಮ್ಮ ಆಗಲೇ ಏನೋ ಉಪಾಯ ಯೋಚಿಸುತ್ತಿದ್ದಳು. ಬಾಗಿಲ ಸಂದಿಯಲ್ಲಿ ಮಗಳ ಮುಖ ಹೊಳೆಯುತ್ತಿತ್ತು. ಬೀಗರಿಗೆ ಮೊದಲ ದಿನವೇ ಇಲ್ಲ ಎನ್ನುವುದು ಹೇಗೆ? ಅವನು ಕುಕ್ಕೆಯನ್ನು ಎದೆಗವಚಿಕೊಂಡ.

"ಅದ್ಕೇನಂತೆ ಬೀಗರೇ, ಇರ್ಲಿ ಬುಡಿ. ಹೆಂಗೂ ಬೆಳಗಿನ ಜಾವ ನಮ್ಮದು ಕೂಗ್ತದೆ. ನಿಮ್ಮದೂ ಅದರ ಜೊತೇಲೇ ಕೂಗಲಿ, ಒಂದೇ ಸಲಕ್ಕೆ ಮುಗೀತದೆ."

ಗಾಡಿ ಹೊರಟಿತು. ಎತ್ತಿನ ಗೆಜ್ಜೆಯ ಸದ್ದಿನ ನಡುವೆ ಗುರುಪಾದಸ್ವಾಮಿಯವರು ಕಮಾನಿನಿಂದ ತಲೆ ಹೊರಗೆ ಹಾಕಿ, ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದರು:

"ನಿಮ್ಮದು ಬರೀ ಬೆಳಗಿನ ಜಾವ ಕೂಗ್ತದಾ ಬೀಗರೇ? ಪುಣ್ಯವಂತ್ರು ಕಣ ನೀವು! ನಮ್ಮದು ಸರಹೊತ್ತಿಗೇ ಸುರು ಹಚ್ಕಂಡ್ರೆ ಹೊತ್ತು ಮೂಡಗಂಟ ಬಾಯಿ ಮುಚ್ಚಾಕಿಲ್ಲ!"